ಸೌದಾಮಿನಿಯ ಮುಖ್ಯ ವಿಷಯ

ಅರ್ಜಿಯ ಎಲ್ಲ ಚೌಕಗಳೂ ತುಂಬಿದ್ದವು. ಹೆಸರು, ಸೌದಾಮಿನಿ. ವಯಸ್ಸು, ನಲವತ್ತಾರು. ಉದ್ಯೋಗ, ಹೊಲಿಗೆ. ವಿದ್ಯಾರ್ಹತೆ, ಪ್ಲಸ್ ಟು ತತ್ಸಮಾನ ಪರೀಕ್ಷೆ ಪಾಸು. ಫೋಟೋ ಕೂಡ ಏರಿಸಿಯಾಗಿತ್ತು. ಅದರಲ್ಲಿ ಸೌದಾಮಿನಿ ಬೆರಳಿಗೆ ಸೂಜಿ ಚುಚ್ಚಿದ ಗಳಿಗೆಯಲ್ಲೇ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಉಳಿದಿದ್ದು ಒಂದೇ ಒಂದು ಚೌಕ.

“ಮುಖ್ಯ ವಿಷಯ ಯಾವ್ದು ಚೇಚಿ?” ಎಂದಳು ಜನಸೇವಾ ಕೇಂದ್ರದ ನಿಮಿಷಾ. ತನಗಿಂತ ಹಿರಿಯ ಹೆಂಗಸರು ಅವಳಿಗೆ ಚೇಚಿ, ಎಂದರೆ ಅಕ್ಕ.

ಸೌದಾಮಿನಿ ಕಣ್ಣುಕಣ್ಣು ಬಿಟ್ಟಳು. “ಅದನ್ನೂ ನಾನೇ ಹೇಳ್ಬೇಕಾ?”

“ಮತ್ತೆ? ಡಿಗ್ರಿ ಓದೋರು ನೀವು.”

“ಏನಾದ್ರೂ ಒಂದು ಹಾಕು ಮೋಳೆ” ಎಂದಳು ಸೌದಾಮಿನಿ, ಮಗಳನ್ನು ಕರೆಯುವ ಹಾಗೆ.

“ಏನಾದ್ರೂ ಅನ್ನೋ ವಿಷಯ ಪಟ್ಟಿಯಲ್ಲಿ ಇಲ್ಲ ಚೇಚಿ. ಹದಿನಾರು ಇವೆ, ಒಂದನ್ನ ಆರಿಸ್ಕೊಳ್ಳಿ. ಇವತ್ತು ಸಂಜೆ ಐದಕ್ಕೆ ಮುಚ್ಚತ್ತೆ. ಆಮೇಲೆ ಮುಂದಿನ ವರ್ಷವೇ.”

ಕಣ್ಣೂರು ಕಡೆಯ ಮುಳ್ಳಂಕಡವು ಎಂಬ ಆ ಊರಿನಲ್ಲಿ ಯಾರು ಯಾವ ಅರ್ಜಿ ಹಾಕುವುದಿದ್ದರೂ ನಿಮಿಷಾಳ ಮೇಜಿನ ಮುಂದೆಯೇ ನಿಲ್ಲಬೇಕು. ಹೆಸರು ನಿಮಿಷಾ ಆದರೂ ಒಂದೊಂದು ಕೆಲಸಕ್ಕೂ ಒಂದೊಂದು ಗಂಟೆ ಎಂದು ಊರವರು ನಗುತ್ತಿದ್ದರು. ತಪ್ಪು ಅವಳದಲ್ಲ, ಕಂಪ್ಯೂಟರಿನದು. ಅವಳು ಹದಿನಾರು ವಿಷಯಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸೌದಾಮಿನಿಯ ಕೈಗಿತ್ತು, “ಮೂರು ಗಂಟೆಗೆ ಬನ್ನಿ. ಯೋಚ್ನೆ ಮಾಡಿ ಬನ್ನಿ” ಎಂದಳು.

ಯೋಚನೆ ಮಾಡಲು ಒಬ್ಬಳನ್ನೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಾಲಿನಲ್ಲಿ ಸೌದಾಮಿನಿಯ ಹಿಂದೆ ಅವಳ ಗಂಡನ ಅಕ್ಕ ವಿಲಾಸಿನಿ ನಿಂತಿದ್ದಳು. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ‘ವಿಲಾಸನ್’ ಎಂದು ಬಂದು, ಸರಕಾರದ ಲೆಕ್ಕದಲ್ಲಿ ಅವಳು ಗಂಡಸಾಗಿ ಎಂಟು ತಿಂಗಳಾಗಿತ್ತು. ಅದನ್ನು ತಿದ್ದಿಸಲು ಬಂದಿದ್ದಳು. ಪಟ್ಟಿಯ ಹಾಳೆ ಕಂಡದ್ದೇ ತಡ, ಮತ್ತೆ ಹೆಂಗಸಾಗುವ ಕೆಲಸವನ್ನು ಅಲ್ಲೇ ಬಿಟ್ಟು ಅತ್ತಿಗೆ ಸೌದಾಮಿನಿಯ ಹಿಂದೆಯೇ ಹೊರಗೆ ಬಂದಳು.

“ಸೌದಾಮಿನೀ, ನಿಲ್ಲು. ವಿಷಯ ಗೊತ್ತಾಗ್ತಿಲ್ವಾ ನಿಂಗೆ? ನನ್ನ ಕೇಳ್ಬಾರ್ದಾ?”

“ಇಲ್ಲ ಏಟ್ಟತ್ತಿ, ನಾನೇ ಸ್ವಲ್ಪ ಕೂತು…”

“ಕೂತ್ರೆ ಏನು ಗೊತ್ತಾಗತ್ತೆ? ನಡಿ, ಅಂಗಡೀಲಿ ಮಾತಾಡೋಣ.”

ಸೌದಾಮಿನಿಯ ಹೊಲಿಗೆ ಅಂಗಡಿ ಕಿರಿಯ ಪ್ರಾಥಮಿಕ ಶಾಲೆಯ ಎದುರಿಗೇ ಇತ್ತು. ಹತ್ತನೇ ತರಗತಿಗೆ ಓದು ನಿಂತ ಮೇಲೆ ಅವಳು ಮಿಷನ್ನಿನ ಮುಂದೆ ಕೂತವಳು. ಇಪ್ಪತ್ತೆಂಟು ವರ್ಷದಿಂದ ಊರಿನ ಎಲ್ಲರ ಸುತ್ತಳತೆಯೂ ಅವಳಿಗೆ ಬಾಯಿಪಾಠ. ಎರಡು ವರ್ಷದ ಹಿಂದೆ ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ, ಯಾರಿಗೂ ಹೇಳದೆ ಹೋಗಿ ಪ್ಲಸ್ ಟು ತತ್ಸಮಾನ ತರಗತಿಗೆ ಹೆಸರು ಕೊಟ್ಟಿದ್ದಳು. ಭಾನುವಾರ ಭಾನುವಾರ ಪಯ್ಯನ್ನೂರಿಗೆ ಹೋಗಿಬರುವುದು. ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು, ಮಡಿಲಲ್ಲಿ ಪುಸ್ತಕ, ಕೊರಳಲ್ಲಿ ಅಳತೆ ಟೇಪಿಲ್ಲ. ‘ತೋಳು ಬಿಗಿಯಾಯ್ತು’ ಎನ್ನುವವರಿಲ್ಲ, ‘ನಿನ್ನೆ ಕೊಡ್ತೀನಿ ಅಂದಿದ್ದೆ’ ಎನ್ನುವವರಿಲ್ಲ. ಪರೀಕ್ಷೆ ಮುಗಿದ ಮೇಲೆ ಬಂದ ಮೊದಲ ಭಾನುವಾರ ಅವಳು ಮನೆಯಲ್ಲಿ ಚಡಪಡಿಸಿದ ಚಡಪಡಿಕೆ ನೋಡಿ ಗಂಡ ಸುಗತನ್, “ಏನು, ಹಲ್ಲು ನೋವಾ?” ಎಂದು ಕೇಳಿದ್ದ. ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೂ ಭಾನುವಾರದ ತರಗತಿಯೇ ಎಂದು ಗೊತ್ತಾದ ದಿನವೇ ಅವಳು ಓದುವುದೆಂದು ನಿಶ್ಚಯಿಸಿಬಿಟ್ಟಿದ್ದಳು. ಏನನ್ನು ಓದುವುದು ಎಂಬುದೊಂದನ್ನು ಮಾತ್ರ ನಿಶ್ಚಯಿಸಿರಲಿಲ್ಲ.

ಅಂಗಡಿ ತಲುಪುವಷ್ಟರಲ್ಲಿ ವಿಲಾಸಿನಿ ತೀರ್ಪು ಕೊಟ್ಟಾಗಿತ್ತು. “ಮನಃಶಾಸ್ತ್ರ ತಗೋ. ಕಣ್ಣು ಮುಚ್ಕೊಂಡು ತಗೋ.”

“ಅದ್ಯಾಕೆ ಏಟ್ಟತ್ತಿ?”

“ನನ್ನ ಸೊಸೆ ಇದ್ದಾಳಲ್ಲ, ಓಣಂ ಆದ್ಮೇಲೆ ನನ್ನ ಹತ್ರ ಮಾತಾಡಿದ್ದು ಮೂರೇ ಮಾತು. ‘ಹೂಂ’, ‘ಇಲ್ಲ’, ‘ಉಪ್ಪು ಸಾಕು’. ಅವಳ ಮನಸ್ಸಿನಲ್ಲಿ ಏನಿದೆ ಅಂತ ನೀನು ಓದಿ ಹೇಳ್ಬೇಕು. ಮೂರು ವರ್ಷ ತಾನೆ, ನಾನು ಕಾಯ್ತೀನಿ.”

ಸೌದಾಮಿನಿ ಮಿಷನ್ನಿಗೆ ನೂಲು ಪೋಣಿಸತೊಡಗಿದಳು. ಅಷ್ಟರಲ್ಲಿ ಪಕ್ಕದ ಮನೆಯ ಜಮೀಲಾ ಮ್ಯಾಕ್ಸಿ ಹೊಲಿಸಲು ಬಟ್ಟೆ ಹಿಡಿದು ಬಂದಳು. ಬಟ್ಟೆ ಬಿಚ್ಚುವ ಮೊದಲು ವಿಲಾಸಿನಿ ಸುದ್ದಿ ಬಿಚ್ಚಿದಳು.

“ಮನಃಶಾಸ್ತ್ರವಾ?” ಜಮೀಲಾ ಬಟ್ಟೆಯನ್ನು ಮೇಜಿನ ಮೇಲೆ ಬಡಿದಳು. “ಹುಚ್ಚರ ಸಹವಾಸ ಯಾಕೆ ಹುಡುಗೀ ನಿಂಗೆ? ರಾಜ್ಯಶಾಸ್ತ್ರ ತಗೋ. ಮೂರು ವರ್ಷ ಅದು, ಆಮೇಲೆ ಮೂರು ವರ್ಷ ಲಾ. ಕಪ್ಪು ಕೋಟು ಹಾಕ್ಕೊಂಡು ಹಿಂದಿನ ಮನೆಯೋರ ಮೇಲಿನ ನನ್ನ ಬೇಲಿ ಕೇಸು ನೀನು ನಡೆಸ್ಬೇಕು.”

“ಜಮೀಲಾತ್ತಾ, ಆರು ವರ್ಷ ಆಗತ್ತಲ್ಲ!” ಎಂದಳು ಸೌದಾಮಿನಿ.

“ಆಗ್ಲಿ ಬಿಡು. ಹನ್ನೊಂದು ವರ್ಷದಿಂದ ನಡೀತಾ ಇದೆ, ಇನ್ನಾರು ವರ್ಷ ಅದು ಎಲ್ಲಿಗೆ ಓಡಿ ಹೋಗತ್ತೆ? ಕೋಟನ್ನ ನೀನೇ ಹೊಲ್ಕೊಂಡ್ರೆ ಹೊಲಿಗೆ ಕೂಲಿನೂ ಉಳೀತು.”

ವಿಲಾಸಿನಿಯ ಸೊಸೆಯ ಮೌನ ದೊಡ್ಡದೋ ಜಮೀಲಾಳ ಬೇಲಿ ದೊಡ್ಡದೋ ಎಂದು ಇಬ್ಬರೂ ವಾದಕ್ಕೆ ನಿಂತರು. ನಡುವೆ ಕೂತ ಸೌದಾಮಿನಿ ಕೈಗೆ ಸಿಕ್ಕ ಕೆಲಸ ಹಿಡಿದಳು. ಅದು ನಿವೃತ್ತ ಸುಬೇದಾರ್ ಅನಂತನ್ ನಂಬಿಯಾರರ ಬಿಳಿ ಶರಟು. ಗುಂಡಿಯ ಕಾಜ ಹಾಕುವುದೊಂದು ಬಾಕಿ ಇತ್ತು. ಎಡಕ್ಕೆ ವಿಲಾಸಿನಿ ಮಾತಾಡಿದಾಗ ಎಡಕ್ಕೆ ತಲೆಯಾಡಿಸಿದಳು, ಬಲಕ್ಕೆ ಜಮೀಲಾ ಮಾತಾಡಿದಾಗ ಬಲಕ್ಕೆ ಆಡಿಸಿದಳು, ಕಾಜ ಹಾಕುತ್ತಲೇ ಹೋದಳು.

ಹನ್ನೆರಡಕ್ಕೆ ಸುಬೇದಾರರು ಬಂದರು. ಅವರು ನಡೆದು ಬರುವುದೆಂದರೆ ರಸ್ತೆಯ ಅಂಚಿಗೆ ಗೆರೆ ಎಳೆದ ಹಾಗೆ. ಶರಟು ತೊಟ್ಟು ಕನ್ನಡಿಯ ಮುಂದೆ ನಿಂತರು, ಗುಂಡಿ ಹುಡುಕಿದರು, ಮತ್ತೆ ಹುಡುಕಿದರು.

“ಸೌದಾಮಿನೀ, ಇದೇನಿದು? ಎರಡೂ ಕಡೆ ಕಾಜ! ಗುಂಡಿ ಎಲ್ಲಿ ಹೊಲೀತೀಯ, ನನ್ನ ಎದೆಗಾ?”

ಸೌದಾಮಿನಿಯ ಮುಖ ಕೆಂಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಹೀಗಾಗಿದ್ದು ಇದೇ ಮೊದಲು. “ಕ್ಷಮಿಸಿ ಸುಬೇದಾರ್ರೇ, ಇವತ್ತು ತಲೆ ನೆಟ್ಟಗಿಲ್ಲ.”

ತಲೆ ಯಾಕೆ ನೆಟ್ಟಗಿಲ್ಲ ಎಂಬುದನ್ನು ಅವಳ ಪರವಾಗಿ ಇಬ್ಬರು ಹೆಂಗಸರೂ ಒಟ್ಟಿಗೇ ವಿವರಿಸಿದರು. ಕೇಳುತ್ತ ಕೇಳುತ್ತ ಸುಬೇದಾರರ ಸಿಟ್ಟು ಇಳಿದು ಕಣ್ಣು ಹೊಳೆಯಿತು. ಶರಟು ಬಿಚ್ಚಿಟ್ಟು ಸ್ಟೂಲಿನ ಮೇಲೆ ಕೂತರು.

“ಇತಿಹಾಸ” ಎಂದರು. “ಬೇರೆ ಮಾತೇ ಇಲ್ಲ. ನಾನಿದ್ದ ಯುದ್ಧ ಸ್ಕೂಲ್ ಪುಸ್ತಕದಲ್ಲಿ ಎಷ್ಟಿದೆ ಗೊತ್ತಾ? ಏಳು ಸಾಲು! ನನ್ನ ಮೊಮ್ಮಗ ಓದಿ ಹೇಳಿದ. ಹದಿಮೂರು ದಿವಸ ನಾನು ಕೆಸರಲ್ಲಿ ಮಲಗಿದ್ದೆ, ದಿವಸಕ್ಕೆ ಅರ್ಧ ಸಾಲು ಬಂತು. ನೀನು ಇತಿಹಾಸ ಓದಿ ಇದನ್ನ ಸರಿ ಬರೀಬೇಕು.”

“ನಾನು ಬರೆದ್ರೆ ಯಾರು ಓದ್ತಾರೆ ಸುಬೇದಾರ್ರೇ?”

“ನಾನು ಓದ್ತೀನಿ.”

ಒಂದು ಗಂಟೆಗೆ ಊಟಕ್ಕೆಂದು ಸುಗತನ್ ಬಂದ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಬೆಳಿಗ್ಗೆ ಯಾವ ಮನೆಯಲ್ಲಿದ್ದ ಎಂದು ಅವನ ಹುಬ್ಬು ನೋಡಿ ಹೇಳಬಹುದಿತ್ತು. ಇವತ್ತು ಹುಬ್ಬು ಪಾಚಿ ಹಸಿರು. ಹೆಂಡತಿಯ ಓದಿನ ವಿಷಯದಲ್ಲಿ ಅವನು ಇಲ್ಲಿಯವರೆಗೂ ಬಾಯಿ ಹಾಕಿದವನಲ್ಲ. ಆದರೆ ಅಂಗಡಿ ತುಂಬ ಜನ ಅಭಿಪ್ರಾಯ ಹೇಳುತ್ತಿರುವಾಗ ಗಂಡನಾದವನು ಸುಮ್ಮನೆ ಮೀನುಸಾರು ಉಣ್ಣುವುದು ಹೇಗೆ?

“ಹಿಂದಿ ತಗೋ” ಎಂದ.

“ನಿಮ್ಮದೂ ಒಂದಾ ಸುಗತೇಟ್ಟಾ?”

“ಕೇಳು ಇಲ್ಲಿ. ನನ್ನ ಜತೆ ಕೆಲಸ ಮಾಡೋ ಮೂರೂ ಜನ ಬಿಹಾರದೋರು. ಇವತ್ತು ಬೆಳಿಗ್ಗೆ ನಾನು ‘ನೀಲಾ, ನೀಲಾ’ ಅಂತ ಕೂಗ್ದೆ. ಇಳಿದು ಬಂದು ನೋಡಿದ್ರೆ ಕುರಿಯನ್ ಡಾಕ್ಟರ ಮನೆ ಇಡೀ ಮುಂಭಾಗ ಹಸಿರು! ಡಾಕ್ಟರು ಗೇಟು ತೆಗೆದು ಒಳಗೆ ಬಂದೋರು, ಬೇರೆ ಮನೆ ಅಂದ್ಕೊಂಡು ವಾಪಸ್ ಹೋದ್ರು.”

“ನೀಲಾ ಅಂದ್ರೆ ಹಿಂದೀಲೂ ನೀಲೀನೇ ಕಣಯ್ಯಾ” ಎಂದರು ಸುಬೇದಾರರು.

“ಹಾಗಾದ್ರೆ ನನ್ನ ಉಚ್ಚಾರಣೆ ಸರಿಯಿಲ್ಲ. ಅದಕ್ಕೇ ಹೇಳಿದ್ದು, ಒಬ್ಬರು ಓದಿದೋರು ಬೇಕು ಅಂತ.”

ಈಗ ನಾಲ್ಕು ವಿಷಯಗಳಾದವು, ನಾಲ್ಕು ದನಿಗಳಾದವು. ಎದುರಿನ ಶಾಲೆಯಿಂದ ಟೀಚರು ಎರಡು ಸಲ ಹೊರಗೆ ಬಂದು ನೋಡಿ ಹೋದರು. ಕೊನೆಗೆ ಸುಬೇದಾರರು ಎದ್ದು ನಿಂತು, ಇದು ಹೀಗೆ ಮುಗಿಯುವುದಲ್ಲ, ಮತಕ್ಕೆ ಹಾಕೋಣ ಎಂದರು. ಹಳೆಯ ಬಿಲ್ ಪುಸ್ತಕದ ಚೂರುಗಳಲ್ಲಿ ಎಲ್ಲರೂ ಬರೆದು, ಮಡಿಸಿ, ಬಾಬಿನ್ ಡಬ್ಬಕ್ಕೆ ಹಾಕಿದರು. ಸೌದಾಮಿನಿಗೂ ಒಂದು ಚೂರು ಸಿಕ್ಕಿತು. ಪೆನ್ಸಿಲ್ ತುದಿ ಕಚ್ಚುತ್ತ ಅವಳು ಹದಿನಾರನ್ನೂ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದಳು. ಅರ್ಥಶಾಸ್ತ್ರ ಒಳ್ಳೆಯದೇ ಇರಬೇಕು. ಸಮಾಜಶಾಸ್ತ್ರವೂ ಕೆಟ್ಟದ್ದೇನಲ್ಲ. ರವಿಕೆಗೆ ಹತ್ತು ಕತ್ತಿನ ಮಾದರಿ ನೋಡಿ ಹನ್ನೊಂದನೆಯದು ಕೇಳುವ ಗಿರಾಕಿಗಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ಅವಳಿಗೆ ಇವತ್ತು ಅವರ ಮೇಲೆಲ್ಲ ಕನಿಕರ ಹುಟ್ಟಿತು. ಚೂರನ್ನು ಹಾಗೇ ಮಡಿಸಿ ಹಾಕಿದಳು.

ಸುಬೇದಾರರು ಎಣಿಸಿದರು. “ಮನಃಶಾಸ್ತ್ರ ಒಂದು. ರಾಜ್ಯಶಾಸ್ತ್ರ ಒಂದು. ಇತಿಹಾಸ ಒಂದು. ಹಿಂದಿ ಒಂದು. ಒಂದರಲ್ಲಿ ಏನೂ ಬರೆದಿಲ್ಲ, ಇದು ಅಸಿಂಧು.”

“ಅದು ನನ್ನದು” ಎಂದಳು ಸೌದಾಮಿನಿ.

“ಯಾರದ್ದಾದ್ರೇನು? ನಿಯಮ ನಿಯಮವೇ.”

ಎರಡೂಮುಕ್ಕಾಲಾಯಿತು. ಸೌದಾಮಿನಿ ಪಟ್ಟಿ ಮಡಿಸಿ ಕೈಚೀಲಕ್ಕೆ ಹಾಕಿ, “ನಾನು ಹೋಗಿ ಬರ್ತೀನಿ, ನೀವು ಯಾರೂ ತೊಂದ್ರೆ ತಗೋಬೇಡಿ” ಎಂದು ಕೈ ಮುಗಿದಳು. ತೊಂದರೆ ತೆಗೆದುಕೊಳ್ಳದಷ್ಟು ಕಲ್ಲು ಮನಸ್ಸಿನವರು ಅಲ್ಲಿ ಯಾರೂ ಇರಲಿಲ್ಲ. ಒಂದೇ ಆಟೋಗೆ ಐವರೂ ಹತ್ತಿದರು. ಹಿಂದೆ ಮೂವರು ಹೆಂಗಸರ ಮಡಿಲ ಮೇಲೆ ಸುಗತನ್ ಅಡ್ಡಡ್ಡ ಕೂತ. ಮುಂದೆ ಚಾಲಕನ ಪಕ್ಕದಲ್ಲಿ ಸುಬೇದಾರರು, ಅರ್ಧ ಒಳಗೆ, ಅರ್ಧ ಹೊರಗೆ ಬಾವುಟದ ಹಾಗೆ. ದಾರಿಯಲ್ಲಿ ಆಟೋ ಚಾಲಕ ಹಿಂತಿರುಗಿ, “ಚೇಚಿ, ನನ್ನ ಕೇಳಿದ್ರೆ ಭೂಗೋಳ…” ಎಂದು ಶುರುಮಾಡಿದ. “ನೀನು ದಾರಿ ನೋಡಯ್ಯಾ!” ಎಂದು ಐವರೂ ಒಟ್ಟಿಗೇ ಕೂಗಿದರು. ಅವತ್ತು ಅವರೆಲ್ಲರೂ ಒಮ್ಮತಕ್ಕೆ ಬಂದದ್ದು ಆ ಒಂದು ಮಾತಿನಲ್ಲಿ ಮಾತ್ರ.

ನಿಮಿಷಾ ಅರ್ಜಿಯನ್ನು ತೆರೆದು, ಖಾಲಿ ಚೌಕದ ಮೇಲೆ ಮೌಸಿನ ಬಾಣವಿಟ್ಟು, “ಹೇಳಿ” ಎಂದಳು.

“ಮನಃಶಾಸ್ತ್ರ!” “ರಾಜ್ಯಶಾಸ್ತ್ರ!” “ಬರಿ, ಇತಿಹಾಸ ಅಂತ ಬರಿ!” “ಹಿಂದಿ ಹಾಕು ಮೋಳೆ, ನಾನು ಗಂಡ!”

ಮೇಜಿನ ಸುತ್ತ ನೂಕಾಟವಾಯಿತು. ಪಿಂಚಣಿಗೆ ಬಂದಿದ್ದ ಒಬ್ಬ ಅಜ್ಜಿ ಕುರ್ಚಿ ಸಮೇತ ಗೋಡೆಗೆ ಸರಿದಳು. ಜಮೀಲಾಳನ್ನು ಹಿಂದೆ ಹಾಕಿ ಮುಂದೆ ಬಾಗಿದ ವಿಲಾಸಿನಿಯ ಮೊಣಕೈ ಸೀದಾ ಕೀಲಿಮಣೆಯ ಮೇಲೆ ಊರಿತು. ಪರದೆಯಲ್ಲಿ ಪಟ್ಟಿ ಸರ್ರನೆ ಓಡಿ ಒಂದು ಕಡೆ ನಿಂತಿತು. ಚೌಕ ಭರ್ತಿಯಾಯಿತು.

“ಅರಬಿ” ಎಂದು ಓದಿದಳು ನಿಮಿಷಾ.

“ಅಯ್ಯೋ!” ಎಂದಳು ಸೌದಾಮಿನಿ.

“ಅಯ್ಯೋ ಯಾಕೆ? ಒಳ್ಳೇದೇ ಆಯ್ತು” ಎಂದಳು ಜಮೀಲಾ. “ಅಕ್ಷರ ನಾನು ಹೇಳಿಕೊಡ್ತೀನಿ.”

ನಿಮಿಷಾ ಎದ್ದು ನಿಂತಳು. ಬೆಳಗಿನಿಂದ ನಲವತ್ತು ಜನರ ಅರ್ಜಿ ತುಂಬಿದ ಹುಡುಗಿ. ಮಧ್ಯಾಹ್ನ ಅನ್ನದ ಡಬ್ಬಿ ತೆರೆಯಲೂ ಬಿಡುವಾಗಿರಲಿಲ್ಲ. “ಓದೋದು ಯಾರು? ಚೇಚಿ ತಾನೆ? ಚೇಚಿ ಒಬ್ಬರೇ ಒಳಗಿರಲಿ. ಉಳಿದೋರೆಲ್ಲ ವರಾಂಡಕ್ಕೆ! ಸುಬೇದಾರ್ರೇ, ನೀವೂ!”

ಆಜ್ಞೆ ಎಂದರೆ ಏನೆಂದು ತಿಳಿದ ಸುಬೇದಾರರೇ ಮೊದಲು ಹೊರಗೆ ನಡೆದರು. ಉಳಿದ ಮೂವರೂ ಹಿಂದೆ ಹೋದರು. ನಿಮಿಷಾ ಬಾಗಿಲು ಹಾಕಿದಳು. ಈಗ ಫ್ಯಾನಿನ ಸದ್ದು ಕೇಳಿಸಿತು.

“ಈಗ ಹೇಳಿ ಚೇಚಿ. ನಿಮಗೆ ಏನಿಷ್ಟ?”

ಸೌದಾಮಿನಿ ಪಟ್ಟಿಯ ಹಾಳೆ ಬಿಚ್ಚಿ ಮತ್ತೆ ಮಡಿಸಿದಳು. ಓದು ಬಿಡಿಸುವಾಗ ಅಪ್ಪ ಇದನ್ನು ಕೇಳಿರಲಿಲ್ಲ. ಹೊಲಿಗೆ ಕಲಿಯಲು ಕಳಿಸುವಾಗ ಅಮ್ಮ ಕೇಳಿರಲಿಲ್ಲ. ಅಂಗಡಿಯ ಗೋಡೆಗೆ ಬಣ್ಣ ಬಳಿಯುವಾಗ ಸುಗತನ್ ಕೂಡ ಕೇಳಿರಲಿಲ್ಲ. ಡಬ್ಬದಲ್ಲಿ ಉಳಿದಿದ್ದನ್ನು ಬಳಿದಿದ್ದ. ಇವತ್ತು ಬೆಳಗಿನಿಂದ ಇಷ್ಟು ಜನ ಇಷ್ಟೊಂದು ಹೇಳಿದರು, ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಮಗಳ ವಯಸ್ಸಿನ ಈ ಹುಡುಗಿ ಕೇಳಿದಳು, ಉತ್ತರವೇ ಇಲ್ಲ. ಸೌದಾಮಿನಿಯ ಕಣ್ಣು ತುಂಬಿಬಂತು.

“ನಂಗೆ ಗೊತ್ತಿಲ್ಲ ಮೋಳೆ. ನಿಜವಾಗ್ಲೂ ಗೊತ್ತಿಲ್ಲ. ಈ ವಯಸ್ಸಿಗೆ ಇದೊಂದು ಗೊತ್ತಿಲ್ಲ ಅಂದ್ರೆ ನಾಚಿಕೆ ಆಗತ್ತೆ.”

“ನಾಚಿಕೆ ಯಾಕೆ? ಹದಿನೆಂಟು ವರ್ಷದ ಮಕ್ಕಳೂ ಇದೇ ಕುರ್ಚೀಲಿ ಕೂತು ಇದೇ ಮಾತು ಹೇಳ್ತಾರೆ. ಆಮೇಲೆ ಫ್ರೆಂಡ್ ಏನು ತಗೊಂಡ ಅಂತ ಫೋನ್ ಮಾಡಿ ಅದನ್ನೇ ಹಾಕಿಸ್ತಾರೆ.” ನಿಮಿಷಾ ನೀರಿನ ಬಾಟಲಿ ಮುಂದಿಟ್ಟಳು.

ನೀರು ಕುಡಿದು ಸೌದಾಮಿನಿ ಕಿಟಕಿಯಾಚೆ ನೋಡಿದಳು. ವರಾಂಡದಲ್ಲಿ ನಾಲ್ವರೂ ಕೈ ಬೀಸಿ ಬೀಸಿ ವಾದ ಮಾಡುತ್ತಿದ್ದರು. ಮೂರು ವರ್ಷ ಯಾವ ವಿಷಯ ಓದಿದರೂ ಸೋಮವಾರ ಬೆಳಿಗ್ಗೆ ಇವರು ಬಂದು ಪಾಠ ಒಪ್ಪಿಸಿಕೊಳ್ಳುವವರೇ. ಅವಳಿಗೆ ಒಂದು ಯೋಚನೆ ಹೊಳೆಯಿತು.

“ಮೋಳೆ, ಇದರಲ್ಲಿ ಯಾರೂ ತಗೊಳ್ದೇ ಇರೋದು ಯಾವ್ದು?”

ನಿಮಿಷಾ ಪಟ್ಟಿಯ ಕೆಳತುದಿಗೆ ಹೋದಳು. “ತತ್ತ್ವಶಾಸ್ತ್ರ. ನಾನು ಇಲ್ಲಿಗೆ ಬಂದು ಮೂರು ವರ್ಷ, ಒಬ್ಬರೂ ಹಾಕಿಸಿಲ್ಲ. ತರಗತಿ ಕಣ್ಣೂರಿನಲ್ಲೇ ಇರೋದು, ಎರಡು ಬಸ್ಸು ಬದಲಾಯಿಸ್ಬೇಕು.”

“ಎರಡು ಬಸ್ಸಾ?” ಸೌದಾಮಿನಿಯ ದನಿಯಲ್ಲಿ ಆಸೆ ಕಾಣಿಸಿತು. “ಅದರಲ್ಲಿ ಏನಿರತ್ತೆ?”

ನಿಮಿಷಾ ಪಾಠಪಟ್ಟಿ ತೆರೆದು ಓದಿದಳು. “ಮನುಷ್ಯ ಅಂದ್ರೆ ಯಾರು… ಸರಿ ಯಾವ್ದು, ತಪ್ಪು ಯಾವ್ದು… ನಮಗೆ ಗೊತ್ತಿದೆ ಅಂದ್ಕೊಂಡಿರೋದು ನಿಜವಾಗ್ಲೂ ಗೊತ್ತಿದೆಯಾ… ಹೀಗೇ ಇದೆ ಚೇಚಿ, ಬರೀ ಪ್ರಶ್ನೆ.”

“ಉತ್ತರ?”

“ಸಾವಿರಾರು ವರ್ಷದಿಂದ ಹುಡುಕ್ತಾ ಇದ್ದಾರಂತೆ.”

ಬೆಳಗಿನಿಂದ ಮೊದಲ ಬಾರಿಗೆ ಸೌದಾಮಿನಿ ನಕ್ಕಳು. ಗೊತ್ತಿಲ್ಲದವರಿಗೆಂದೇ ಒಂದು ವಿಷಯ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೊರಗೆ ನಿಂತ ನಾಲ್ವರಿಗೂ ಎಲ್ಲವೂ ಗೊತ್ತಿತ್ತು. ಇದರ ಹತ್ತಿರಕ್ಕೂ ಅವರು ಸುಳಿಯಲಾರರು. “ಹಾಕು” ಎಂದಳು. ಅವಳಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಹೇಳಿದಳು. ಫೋನಿಗೆ ಬಂದ ಓಟಿಪಿ ಅಂಕಿಗಳನ್ನು ಓದಿ ಹೇಳಿದಳು. ಮೂರೂಕಾಲಿಗೆ ಅರ್ಜಿ ಹೋಯಿತು.

ಬಾಗಿಲು ತೆರೆದಾಗ ನಾಲ್ವರೂ ಮುತ್ತಿಕೊಂಡರು. “ಯಾವ್ದು ಹಾಕ್ದೆ?”

“ತತ್ತ್ವಶಾಸ್ತ್ರ.”

ಬೈಗುಳಕ್ಕೆ ಸೌದಾಮಿನಿ ಹೆಗಲು ಕುಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ವಿಲಾಸಿನಿ ಜಮೀಲಾಳ ಮುಖ ನೋಡಿದಳು, ಜಮೀಲಾ ಸುಬೇದಾರರ ಮುಖ ನೋಡಿದಳು. ಸುಗತನ್ ವರಾಂಡದ ಗೋಡೆಗೆ ಅಂಟಿಸಿದ್ದ ಯಾವುದೋ ನೋಟೀಸು ಓದುತ್ತ ನಿಂತವನು, “ನೀನು ಹೋಗು, ಅಂಗಡಿ ತೆರೆದೇ ಇದೆ. ನಮಗೆ ಇಲ್ಲಿ ಸ್ವಲ್ಪ ಕೆಲಸ ಇದೆ” ಎಂದ.

ಕೋಪ ಬಂದಿದೆ ಎಂದುಕೊಂಡಳು ಸೌದಾಮಿನಿ. ಎಲ್ಲರ ಮಾತನ್ನೂ ತಳ್ಳಿಹಾಕಿದ ಮೇಲೆ ಕೋಪ ಬರದೆ ಇರುತ್ತದೆಯೇ? ಸ್ವಲ್ಪ ನೋವಾಯಿತು. ಆದರೆ ನಡೆದು ಅಂಗಡಿ ತಲುಪುವಷ್ಟರಲ್ಲಿ ಆ ನೋವಿನ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು. ಬ್ಲೇಡು ಹಿಡಿದು ಸುಬೇದಾರರ ಶರಟಿನ ಒಂದು ಬದಿಯ ಕಾಜಗಳನ್ನು ಬಿಚ್ಚುತ್ತ, ರಂಧ್ರ ಕಾಣದಂತೆ ಒಳಗಿಂದ ಪಟ್ಟಿ ಕೊಡುತ್ತ, ಅವಳು ಹಾಡು ಗುನುಗತೊಡಗಿದಳು. ಕಣ್ಣೂರು. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳು. ಸೇತುವೆಯ ಮೇಲೆ ಹೋಗುವಾಗ ಗಾಳಿ. ತರಗತಿಯಲ್ಲಿ ಹಿಂದಿನ ಬೆಂಚು, ಗುರುತಿನ ಮುಖ ಒಂದೂ ಇಲ್ಲ. ಮಧ್ಯಾಹ್ನ ಊಟದ ಡಬ್ಬಿಯಲ್ಲಿ ಒಬ್ಬಳಿಗೆ ಸಾಕಾಗುವಷ್ಟು ಅನ್ನ, ಒಂದು ಮೊಟ್ಟೆ.

ನಡುವೆ ಅದೇ ಆಟೋ ಧೂಳೆಬ್ಬಿಸುತ್ತ ಅಂಗಡಿಯ ಮುಂದೆ ಹಾದುಹೋಯಿತು. ಹತ್ತು ನಿಮಿಷಕ್ಕೆ ಅದೇ ವೇಗದಲ್ಲಿ ವಾಪಸ್ಸು ಬಂತು. ಒಳಗೆ ಸುಗತನ್ ಮನೆಯ ಕಬ್ಬಿಣದ ಪೆಟ್ಟಿಗೆಯನ್ನು ಅಪ್ಪಿಕೊಂಡು ಕೂತಂತೆ ಕಂಡಿತು. ಬಣ್ಣ ತಪ್ಪಿದ ಮನೆಯ ರಗಳೆ ಇನ್ನೂ ಮುಗಿದಿಲ್ಲವೇನೋ ಎಂದುಕೊಂಡು ಅವಳು ಸೂಜಿಗೆ ಮತ್ತೆ ನೂಲು ಪೋಣಿಸಿದಳು.

ಐದೂಕಾಲಿಗೆ ನಿಮಿಷಾಳ ಸ್ಕೂಟರ್ ಅಂಗಡಿಯ ಮುಂದೆ ನಿಂತಿತು. ಹೆಲ್ಮೆಟ್ ಕೂಡ ತೆಗೆಯದೆ ಅವಳು ನಗುತ್ತಿದ್ದಳು.

“ಚೇಚೀ, ಸಿಹಿ ಕೊಡ್ಬೇಕು ನಂಗೆ! ನೀವು ಕಣ್ಣೂರಿಗೆ ಹೋಗೋದೇ ಬೇಡ.”

ಸೌದಾಮಿನಿಯ ಕೈಯ ಸೂಜಿ ನಿಂತಿತು. “ಅಂದ್ರೆ?”

“ಒಂದೇ ಊರಿಂದ ಒಂದೇ ವಿಷಯಕ್ಕೆ ಐದು ಜನ ಆದ್ರೆ ಆ ಊರಿನಲ್ಲೇ ಭಾನುವಾರದ ತರಗತಿ ಮಾಡ್ತಾರೆ. ಐದು ಜನ ಆದ್ರು! ಈಗಷ್ಟೆ ಮೆಸೇಜ್ ಬಂತು. ಜಾಗ ಎಲ್ಲಿ ಗೊತ್ತಾ?” ಅವಳು ತಿರುಗಿ, ಹತ್ತು ಹೆಜ್ಜೆ ದೂರದ ಪ್ರಾಥಮಿಕ ಶಾಲೆಯನ್ನು ತೋರಿಸಿದಳು. “ಅಂಗಡಿ ಬಾಗಿಲು ಹಾಕಿ ರಸ್ತೆ ದಾಟಿದ್ರೆ ಸಾಕು.”

“ಐದು ಜನ?” ಸೌದಾಮಿನಿ ಶರಟನ್ನು ಕೆಳಗಿಟ್ಟಳು. “ತತ್ತ್ವಶಾಸ್ತ್ರಕ್ಕಾ? ಯಾರು?”

“ನೀವು ಆಚೆ ಹೋದ್ರಿ, ಇವರು ನಾಲ್ಕೂ ಜನ ಒಳಗೆ ಬಂದ್ರು. ಗೋಡೆ ಮೇಲಿನ ನೋಟೀಸಲ್ಲಿ ‘ವಯಸ್ಸಿನ ಮಿತಿ ಇಲ್ಲ, ಪ್ಲಸ್ ಟುಗೆ ಮುಂಚಿನ ಹಳೇ ಪ್ರೀಡಿಗ್ರಿ ಪಾಸಾದೋರಿಗೂ ಅವಕಾಶ’ ಅಂತ ಓದಿದ್ರಂತೆ. ನಾಲ್ಕೂ ಜನ ಅದು ಪಾಸಾದೋರೇ, ಆಟೋದಲ್ಲಿ ಓಡಿ ಸರ್ಟಿಫಿಕೇಟೂ ತಂದ್ರು. ಸುಬೇದಾರರದ್ದು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ! ಎಲ್ಲ ತುಂಬಿಸಿ ಕೊನೇ ಚೌಕಕ್ಕೆ ಬಂದು ‘ಮುಖ್ಯ ವಿಷಯ ಯಾವ್ದು’ ಅಂತ ಕೇಳ್ದೆ.” ನಿಮಿಷಾ ಹೊಟ್ಟೆ ಹಿಡಿದು ನಕ್ಕಳು. “ಒಬ್ಬರ ಬಾಯಲ್ಲೂ ಮಾತಿಲ್ಲ! ಸುಬೇದಾರ್ರು ಚಾವಣಿ ನೋಡಿದ್ರು. ವಿಲಾಸಿನಿ ಚೇಚಿ ‘ನೀನೇ ಹೇಳು ಮೋಳೆ’ ಅಂದ್ರು. ಜಮೀಲಾತ್ತ ‘ಸಾಯಂಕಾಲ ಹೇಳ್ತೀನಿ’ ಅಂದ್ರು. ಕೊನೆಗೆ ನಿಮ್ಮ ಸುಗತೇಟ್ಟ ಅಂದ್ರು, ‘ಅವಳು ಏನು ತಗೊಂಡಿದ್ದಾಳೋ ಅದನ್ನೇ ಹಾಕು. ಅವಳು ಬೆಳಗಿನಿಂದ ಯೋಚ್ನೆ ಮಾಡಿದ್ದಾಳೆ’ ಅಂತ. ಉಳಿದ ಮೂರೂ ಜನ ‘ನಂಗೂ ಅದೇ, ನಂಗೂ ಅದೇ.’”

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಅವರೇ ಕಾಣಿಸಿದರು. ನಾಲ್ವರ ಕಂಕುಳಲ್ಲೂ ಒಂದೊಂದು ಹೊಸ ನೋಟುಬುಕ್ಕು. ಬೆಳಗಿನ ಜಗಳದ ಗುರುತು ಯಾರ ಮುಖದಲ್ಲೂ ಉಳಿದಿರಲಿಲ್ಲ.

“ಸೌದಾಮಿನೀ!” ದೂರದಿಂದಲೇ ಕೂಗಿದಳು ವಿಲಾಸಿನಿ. “ನಿನ್ನ ಪಕ್ಕದಲ್ಲಿ ನಾನು! ಈಗಲೇ ಹೇಳಿದ್ದೀನಿ!”

“ಇನ್ನೊಂದು ಪಕ್ಕ ನಾನು” ಎಂದಳು ಜಮೀಲಾ. “ಕನ್ನಡಕ ಮರೆತು ಬಂದ ದಿವಸ ನೀನು ಓದಿ ಹೇಳ್ಬೇಕು.”

ಸುಬೇದಾರರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ನಾನು ಕ್ಲಾಸ್ ಲೀಡರ್. ಭಾನುವಾರ ಒಂಬತ್ತೂವರೆ ಅಂದ್ರೆ ಒಂಬತ್ತೂಕಾಲು. ಹೆಸರು ಕರೀತೀನಿ” ಎಂದರು. ಸುಗತನ್ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ, “ಮಧ್ಯಾಹ್ನದ ಊಟ ಐದು ಜನಕ್ಕೂ ಒಟ್ಟಿಗೇ ಮಾಡಿಬಿಡು. ಹೊರಗಿಂದ ತಂದ್ರೆ ನಂಗೆ ಗ್ಯಾಸಾಗತ್ತೆ” ಎಂದ.

ಸೌದಾಮಿನಿ ಎದುರಿನ ಶಾಲೆ ನೋಡಿದಳು. ಆ ಶಾಲೆಯ ಬೆಂಚುಗಳು ಆರು ವರ್ಷದ ಮಕ್ಕಳ ಅಳತೆಯವು. ಮೂರು ವರ್ಷದ ಭಾನುವಾರಗಳೆಲ್ಲ ಒಂದೇ ಸಲ ಕಣ್ಣ ಮುಂದೆ ಸುಳಿದವು. ಅವಳು ಮೆಲ್ಲನೆ ಸ್ಕೂಟರಿನ ಹತ್ತಿರಕ್ಕೆ ಹೋಗಿ, ನಿಮಿಷಾಳ ಕಿವಿಯ ಬಳಿ ಬಾಗಿ, ಆದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಮೋಳೆ, ಹಾಕಿದ ವಿಷಯ ಬದಲಾಯ್ಸೋಕೆ ಆಗತ್ತಾ?”

“ಆಗತ್ತೆ ಚೇಚಿ, ಒಂದು ವಾರ ಟೈಮಿದೆ” ಎಂದಳು ನಿಮಿಷಾ, ಹೆಲ್ಮೆಟ್ಟಿನೊಳಗಿಂದ, ಇಡೀ ರಸ್ತೆಗೆ ಕೇಳುವ ಹಾಗೆ. “ಯಾವ್ದಕ್ಕೆ ಬದಲಾಯಿಸ್ಲಿ?”

ಸೌದಾಮಿನಿ ಬಾಯಿ ತೆರೆಯುವ ಮೊದಲೇ ಅವಳ ಬೆನ್ನ ಹಿಂದೆ ನಾಲ್ಕು ದನಿಗಳು ಒಟ್ಟಿಗೇ ಎದ್ದವು.

“ಯಾವ್ದಾದ್ರೂ ಸರಿ ಮೋಳೆ, ನಮ್ಮದನ್ನೂ ಅದಕ್ಕೇ ಬದಲಾಯ್ಸು!”